ಲಾರಿ ಟರ್ಬೊದಿಂದ ಮಾಡಿದ ಗ್ಯಾಸ್ ಟರ್ಬೈನ್: ಇಂಧನವನ್ನು ಏನನ್ನು ನೋಡಿ ನಿಯಂತ್ರಿಸಬೇಕು?

ಪಿಬಿರಸ್ತೆ_ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಾವು ಕೆಲವು ಗೆಳೆಯರು ಸೇರಿ ಹಳೆಯ ಲಾರಿಯ ಟರ್ಬೊಚಾರ್ಜರ್ ಇಟ್ಟುಕೊಂಡು ಸಣ್ಣ ಗ್ಯಾಸ್ ಟರ್ಬೈನ್ ಕಟ್ಟಿದ್ದೇವೆ. ಚಿತ್ರದುರ್ಗದ ವೈಮಾನಿಕ ಪರೀಕ್ಷಾ ವಲಯದಲ್ಲಿ ಡಿಆರ್‌ಡಿಒ 2022ರ ಜುಲೈ 1ರಂದು ಹಾರಿಸಿದ ಮಾನವರಹಿತ ವಿಮಾನದಲ್ಲಿ ಸಣ್ಣದೊಂದು ಟರ್ಬೊಫ್ಯಾನ್ ಎಂಜಿನ್ ಇತ್ತು ಎಂದು ಓದಿದಾಗಿನಿಂದ ಈ ಹುಚ್ಚು ಹಿಡಿದಿದೆ. ನಮ್ಮದು ಹಾರುವುದಿಲ್ಲ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಳಿತು ಕಿರುಚುತ್ತದೆ, ಅಷ್ಟೇ.

ಟರ್ಬೊ ಗುಜರಿಯಲ್ಲಿ ಸಿಕ್ಕಿತು, ಬೇರಿಂಗ್ ಹೊಸದು ಹಾಕಿಸಿದೆವು. ಅದರಲ್ಲಿ ಒಂದೇ ಶಾಫ್ಟಿನ ಒಂದು ತುದಿಗೆ ಗಾಳಿ ಒತ್ತುವ ಕಂಪ್ರೆಸರ್, ಇನ್ನೊಂದು ತುದಿಗೆ ಬಿಸಿ ಅನಿಲ ತಿರುಗಿಸುವ ಟರ್ಬೈನ್ ಇದೆ. ದಹನ ಕೊಠಡಿಯನ್ನು ಹರಿಹರದ ವರ್ಕ್‌ಶಾಪ್ ಒಂದರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಿಂದ ಮಾಡಿಸಿದೆವು: ಹೊರಗೊಂದು ಡಬ್ಬಿ, ಒಳಗೆ ಸಾಲು ಸಾಲು ರಂಧ್ರಗಳಿರುವ ಜ್ವಾಲಾ ಕೊಳವೆ. ವಾಣಿಜ್ಯ ಬಳಕೆಯ 19 ಕೆ.ಜಿ. ಎಲ್‌ಪಿಜಿ ಸಿಲಿಂಡರಿನಿಂದ ಅನಿಲವು ಹೈ ಪ್ರೆಷರ್ ರೆಗ್ಯುಲೇಟರ್ ಮತ್ತು ಕೈಯಿಂದ ತಿರುಗಿಸುವ ಸೂಜಿ ವಾಲ್ವ್ ದಾಟಿ ಒಳಗೆ ಹೋಗುತ್ತದೆ. ಬ್ಲೋವರಿನಿಂದ ಗಾಳಿ ಊದಿ, ಸ್ಪಾರ್ಕ್ ಪ್ಲಗ್ಗಿನಿಂದ ಹೊತ್ತಿಸಿದರೆ ಸ್ವಲ್ಪ ಹೊತ್ತಿಗೆ ಬ್ಲೋವರಿನ ಹಂಗಿಲ್ಲದೆ ತಾನೇ ಓಡುತ್ತದೆ.

ತೊಂದರೆ ಇರುವುದು ಇಲ್ಲಿ. ವಾಲ್ವನ್ನು ಸ್ವಲ್ಪ ಜೋರಾಗಿ ತೆರೆದರೆ ಟರ್ಬೈನಿನಿಂದ ಹೊರಬರುವ ಅನಿಲದ ತಾಪ 800 ಡಿಗ್ರಿ ದಾಟಿ, ವೇಗ ಏರಿದ ಮೇಲೆ ನಿಧಾನವಾಗಿ 600ರ ಆಸುಪಾಸಿಗೆ ಇಳಿಯುತ್ತದೆ. ಬೇಗ ಮುಚ್ಚಿದರೆ ಬೆಂಕಿಯೇ ಆರಿಹೋಗುತ್ತದೆ. ನಡುವೆ ಒಂದು ವೇಗದಲ್ಲಿ ಇಡೀ ಸ್ಟ್ಯಾಂಡ್ ನಡುಗುವಂತೆ ದಪ್ಪ ದನಿಯಲ್ಲಿ ಗುರುಗುಟ್ಟುತ್ತದೆ. ಸಾಲದ್ದಕ್ಕೆ, ವಾಲ್ವ್ ಮುಟ್ಟದೆ ಬಿಟ್ಟರೂ ಸ್ವಲ್ಪ ಹೊತ್ತಿನಲ್ಲಿ ವೇಗ ತಾನಾಗಿ ಕುಸಿಯುತ್ತದೆ.

ನಮ್ಮ ಯೋಜನೆ ಹೀಗಿದೆ: ಸೂಜಿ ವಾಲ್ವ್ ತೆಗೆದು ಸಿಎನ್‌ಜಿ ಕಾರಿನ ಇಂಜೆಕ್ಟರುಗಳನ್ನು ಕೂರಿಸುವುದು, ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನಿಂದ ಪಲ್ಸ್ ಕೊಡುವುದು, ಥರ್ಮೋಕಪಲ್ (ತಾಪ ಅಳೆಯುವ ಸೆನ್ಸರ್) ಓದಿಕೊಂಡು, ಅಳೆದದ್ದಕ್ಕೂ ಬೇಕಾದದ್ದಕ್ಕೂ ಇರುವ ವ್ಯತ್ಯಾಸ ನೋಡಿ ತಾನೇ ತಿದ್ದುವ ಪಿಐಡಿ ಲೂಪಿನಿಂದ ತಾಪವನ್ನು 650 ಡಿಗ್ರಿಯಲ್ಲಿ ಕಟ್ಟಿಹಾಕುವುದು. ನಮ್ಮ ಮಾರ್ಗದರ್ಶಕರು ‘ದಹನ ದಕ್ಷತೆ ಶೇಕಡಾ ಎಷ್ಟು ಹೆಚ್ಚಿತು ಎಂದು ತೋರಿಸಿ’ ಎಂದಿದ್ದಾರೆ. ದಾರಿ ಸರಿಯಿದೆಯೇ? ಮುಂದೆ ಸೀಮೆಎಣ್ಣೆಗೆ ಬದಲಾಯಿಸುವ ಆಸೆಯೂ ಇದೆ.

ಹಳೆಯ_ವಾಲ್ವ್, ದಾವಣಗೆರೆ

ತಮ್ಮಾ, ಯಂತ್ರ ತಾನಾಗಿ ಓಡುತ್ತಿದೆ ಎಂದೆಯಲ್ಲ, ಎಷ್ಟೋ ತಂಡಗಳು ಅಲ್ಲಿಗೇ ತಲುಪುವುದಿಲ್ಲ. ನಾನು ದುಡಿದ ಬದುಕಿನ ಬಹುಭಾಗವನ್ನು ಹೊರರಾಜ್ಯದ ಒಂದು ಅನಿಲ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕಳೆದವನು. ಈಗ ಊರಿಗೆ ಬಂದು ಕುಳಿತಿದ್ದೇನೆ, ಬರೆಯಲು ಬೇಕಾದಷ್ಟು ಸಮಯವಿದೆ. ಮಾತು ಒರಟು, ಬೇಸರ ಮಾಡಿಕೊಳ್ಳಬೇಡ.

ಮೊದಲು ನಿಮ್ಮ ಮಾರ್ಗದರ್ಶಕರ ಪ್ರಶ್ನೆ. ಪೂರ್ಣ ಲೋಡಿನಲ್ಲಿ ಓಡುವ ದೊಡ್ಡ ಗ್ಯಾಸ್ ಟರ್ಬೈನಿನಲ್ಲಿ ದಹನ ದಕ್ಷತೆ ಶೇ 99ಕ್ಕಿಂತ ಮೇಲೆಯೇ ಇರುತ್ತದೆ. ಒಳಗೆ ಹೋದ ಅನಿಲ ಸುಟ್ಟೇ ಹೊರಗೆ ಬರುತ್ತದೆ. ಅಲ್ಲಿ ಹೆಚ್ಚಿಸಲು ಉಳಿದಿರುವುದು ಚೂರುಪಾರು. ಹಾಗಿದ್ದರೂ ಇಂಧನ ನಿಯಂತ್ರಣಕ್ಕೆ ಕಂಪನಿಗಳು ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಯಂತ್ರದ ಒಟ್ಟು ದಕ್ಷತೆ ನಿಂತಿರುವುದು ಒತ್ತಡದ ಅನುಪಾತ ಮತ್ತು ಟರ್ಬೈನಿಗೆ ಹೋಗುವ ಅನಿಲದ ತಾಪದ ಮೇಲೆ. ಆ ತಾಪವನ್ನು ಎಷ್ಟು ಏರಿಸಬಹುದು ಎಂಬುದನ್ನು ತೀರ್ಮಾನಿಸುವುದು ಸರಾಸರಿಯಲ್ಲ, ಅತಿ ಬಿಸಿಯಾದ ಒಂದು ಎಳೆ. ಬ್ಲೇಡನ್ನು ಸುಡುವುದು ಅದೇ. ಬಿಸಿ ಎಲ್ಲ ಕಡೆ ಸಮನಾಗಿ ಹರಡಿದರೆ ಸರಾಸರಿಯನ್ನು ಧೈರ್ಯವಾಗಿ ಮೇಲಕ್ಕೆ ಒಯ್ಯಬಹುದು. ಲಾಭ ಇರುವುದು ಅಲ್ಲಿ, ಮತ್ತೆ ಕಡಿಮೆ ಲೋಡಿನಲ್ಲಿ ಬೆಂಕಿ ಆರದಂತೆ ಹಿಡಿದಿಡುವುದರಲ್ಲಿ.

ಈಗ ನಿನ್ನ ಯೋಜನೆ. ಥರ್ಮೋಕಪಲ್ ನೋಡಿ ಇಂಧನ ಕೊಡುವ ಪಿಐಡಿ ನಿನ್ನ ಟರ್ಬೊವನ್ನು ಸುಡುತ್ತದೆ. ದಪ್ಪ ಕವಚದ ಥರ್ಮೋಕಪಲ್ ತಾಪವನ್ನು ಹಲವು ಸೆಕೆಂಡು ತಡವಾಗಿ ಹೇಳುತ್ತದೆ. ಅದು ‘ಇನ್ನೂ ತಣ್ಣಗಿದೆ’ ಎನ್ನುತ್ತಿರುವಾಗ ಕಂಟ್ರೋಲರ್ ಇಂಧನ ಸುರಿಯುತ್ತಲೇ ಇರುತ್ತದೆ. ತಾಪ ಕಂಡಾಗ ಗಾಬರಿಯಿಂದ ಕತ್ತರಿಸುತ್ತದೆ, ಬೆಂಕಿ ಆರುತ್ತದೆ. ನಿನ್ನ ಮೊದಲ ಎರಡು ತೊಂದರೆಗಳು ಈಗ ಕೈಯಿಂದ ಆಗುತ್ತಿವೆ, ಆಗ ಪ್ರೋಗ್ರಾಮಿನಿಂದ ಆಗುತ್ತವೆ. ಅಷ್ಟೇ ವ್ಯತ್ಯಾಸ.

ನಾನು ಹೇಳಬೇಕಾಗಿರುವುದು ಒಂದೇ: ಇಂಧನ ಗಾಳಿಯನ್ನು ಹಿಂಬಾಲಿಸಬೇಕು. ವಾಲ್ವ್ ತೆರೆದ ಕ್ಷಣದಲ್ಲೇ ಇಂಧನ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಬೇಕಾದರೆ ಶಾಫ್ಟ್ ವೇಗ ಹಿಡಿಯಬೇಕು, ಅದಕ್ಕೆ ಜಡತ್ವವಿದೆ. ಆ ನಡುವಿನ ಅಂತರದಲ್ಲಿ ಇಂಧನ ಹೆಚ್ಚು, ಗಾಳಿ ಕಡಿಮೆ. ನಿನ್ನ 800 ಡಿಗ್ರಿ ಹುಟ್ಟಿದ್ದು ಅಲ್ಲಿ. ಮುಚ್ಚುವಾಗ ಇದೇ ಕಥೆ ತಿರುಗಾಮುರುಗಾ: ಇಂಧನ ನಿಂತಿತು, ಶಾಫ್ಟ್ ಇನ್ನೂ ಜೋರಾಗಿ ಸುತ್ತುತ್ತ ಗಾಳಿ ತಳ್ಳುತ್ತಿದೆ, ಜ್ವಾಲೆ ತೆಳುವಾಗಿ ಆರುತ್ತದೆ. ನಮ್ಮ ಊರಿನ ಮಂಡಕ್ಕಿ ಭಟ್ಟಿಯ ಮುಂದೆ ಕುಳಿತವರನ್ನು ನೋಡು. ಒಲೆ ಎಷ್ಟು ಗಾಳಿ ಎಳೆಯುತ್ತಿದೆಯೋ ಅಷ್ಟೇ ಭತ್ತದ ಹೊಟ್ಟನ್ನು ಎಸೆಯುತ್ತಾರೆ. ಮರಳು ಕಾದಿದೆಯೇ ಎಂದು ನೋಡಿ ಹೊಟ್ಟು ಹಾಕಲು ಹೋದರೆ ಬರೀ ಹೊಗೆ.

ಹಾಗಾದರೆ ಗಾಳಿಯನ್ನು ಅಳೆಯುವುದು ಹೇಗೆ? ಕಂಪ್ರೆಸರಿನಿಂದ ಹೊರಬರುವ ಒತ್ತಡವನ್ನು ಅಳೆ. ವಿಮಾನದ ಎಂಜಿನುಗಳಲ್ಲಿ ಬಹಳ ಹಿಂದಿನಿಂದ ಇದೇ ಪದ್ಧತಿ: ಇಂಧನದ ಹರಿವನ್ನು ಕಂಪ್ರೆಸರಿನ ನಿರ್ಗಮ ಒತ್ತಡದಿಂದ ಭಾಗಿಸಿದ ಅನುಪಾತಕ್ಕೆ ಮೇಲೊಂದು ಗಡಿ, ಕೆಳಗೊಂದು ಗಡಿ. ಮೇಲಿನ ಗಡಿ ಅತಿತಾಪವನ್ನೂ ಕಂಪ್ರೆಸರಿನ ಸರ್ಜನ್ನೂ (ಗಾಳಿ ಹಿಮ್ಮುಖವಾಗಿ ನುಗ್ಗುವುದನ್ನು) ತಡೆಯುತ್ತದೆ, ಕೆಳಗಿನದು ಬೆಂಕಿ ಆರುವುದನ್ನು. ಒತ್ತಡದ ಸೆನ್ಸರ್ ಕೆಲವು ಮಿಲಿಸೆಕೆಂಡುಗಳಲ್ಲೇ ಉತ್ತರ ಕೊಡುತ್ತದೆ. ಥರ್ಮೋಕಪಲ್ ಇರಲಿ, ಆದರೆ ಅದಕ್ಕೆ ನಿಧಾನವಾಗಿ ತಿದ್ದುವ ಕೆಲಸ ಮಾತ್ರ ಕೊಡು.

ದೊಡ್ಡ ಯಂತ್ರದ ಕಂಟ್ರೋಲರಿನಲ್ಲಿ ಸ್ಟಾರ್ಟಿಂಗ್, ವೇಗವರ್ಧನೆ, ವೇಗ, ತಾಪ ಎಂದು ಬೇರೆ ಬೇರೆ ಲೂಪುಗಳಿರುತ್ತವೆ. ಪ್ರತಿಯೊಂದೂ ತನ್ನ ಪಾಲಿಗೆ ಎಷ್ಟು ಇಂಧನ ಸರಿ ಎಂದು ಲೆಕ್ಕ ಹಾಕುತ್ತದೆ, ಅವುಗಳಲ್ಲಿ ಅತಿ ಕಡಿಮೆ ಕೇಳಿದ್ದಕ್ಕೆ ಮಾತ್ರ ಮನ್ನಣೆ. ಇದಕ್ಕೆ ಆರ್ಡುಯಿನೊದಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಪಿಐಡಿ ಎಂದರೆ ಸರ್ವರೋಗಕ್ಕೂ ಮದ್ದು ಎಂಬ ನಂಬಿಕೆ ಈಗಿನ ಕಾಲೇಜುಗಳಲ್ಲಿ ಎಲ್ಲಿಂದ ಹಬ್ಬಿತೋ ತಿಳಿಯದು.

ಇನ್ನು ವಾಲ್ವ್. ದೊಡ್ಡ ಯಂತ್ರದಲ್ಲಿ ಎರಡು ವಾಲ್ವ್ ಒಂದರ ಹಿಂದೆ ಒಂದು ಇರುತ್ತವೆ. ಮೊದಲನೆಯದು ನಡುವಿನ ಒತ್ತಡವನ್ನು ಶಾಫ್ಟಿನ ವೇಗಕ್ಕೆ ತಕ್ಕಂತೆ ಹಿಡಿಯುತ್ತದೆ, ಎರಡನೆಯದು ಹರಿವನ್ನು ಅಳೆದು ಬಿಡುತ್ತದೆ. ಎರಡನೆಯದರಲ್ಲಿ ಅನಿಲ ಶಬ್ದದ ವೇಗ ಮುಟ್ಟುವಂತೆ ಇಟ್ಟರೆ ಮುಂದಿನ ದಹನ ಕೊಠಡಿಯಲ್ಲಿ ಒತ್ತಡ ಎಷ್ಟೇ ಓಲಾಡಲಿ, ಹರಿವು ಬದಲಾಗುವುದಿಲ್ಲ. ತೆರೆದ ಜಾಗಕ್ಕೂ ವಾಲ್ವಿಗೆ ಬರುವ ಒತ್ತಡಕ್ಕೂ ಮಾತ್ರ ಬಗ್ಗುತ್ತದೆ. ನೈಸರ್ಗಿಕ ಅನಿಲಕ್ಕೆ ವಾಲ್ವ್ ದಾಟಿದ ಮೇಲಿನ ಒತ್ತಡ ವಾಲ್ವಿಗೆ ಬರುವ ಒತ್ತಡದ ಸುಮಾರು 0.54ಕ್ಕಿಂತ ಕಡಿಮೆಯಿದ್ದರೆ ಈ ಸ್ಥಿತಿ ಬರುತ್ತದೆ, ಎಲ್‌ಪಿಜಿಗೆ 0.58ರ ಸುಮಾರು. ಲೆಕ್ಕವನ್ನು ಗೇಜ್ ಒತ್ತಡದಲ್ಲಿ ಮಾಡಬೇಡ, ವಾತಾವರಣದ್ದನ್ನೂ ಕೂಡಿಸಿದ ನಿರಪೇಕ್ಷ ಒತ್ತಡದಲ್ಲಿ ಮಾಡು. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿದೆ, ಇಲ್ಲಿ ವಾತಾವರಣದ ಒತ್ತಡ ಸುಮಾರು 0.94 ಬಾರ್. ನಿನ್ನ ಕಂಪ್ರೆಸರ್ ಗೇಜಿನಲ್ಲಿ 0.8 ಬಾರ್ ತೋರಿಸಿದರೆ ನಿಜದಲ್ಲಿ 1.74. ಅದನ್ನು 0.58ರಿಂದ ಭಾಗಿಸಿದರೆ 3 ಬಾರ್, ಎಂದರೆ ರೆಗ್ಯುಲೇಟರಿನ ಗೇಜು 2 ಬಾರಿಗಿಂತ ಮೇಲಿರಬೇಕು. 2.5 ಇಟ್ಟುಕೊಂಡರೆ ನೆಮ್ಮದಿ.

ತಾನಾಗಿ ವೇಗ ಕುಸಿಯುವುದಕ್ಕೆ ಸಿಲಿಂಡರನ್ನು ಮುಟ್ಟಿ ನೋಡು. ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರಿನಿಂದಲೇ ಹೀರುತ್ತದೆ. ಸಿಲಿಂಡರ್ ತಣ್ಣಗಾಗಿ ಬೆವರುತ್ತದೆ, ಒತ್ತಡ ಬೀಳುತ್ತದೆ. ಅದರ ಮೇಲೆ ಪ್ರೊಪೇನ್ ಮೊದಲು ಖಾಲಿಯಾಗುತ್ತ ಬರುತ್ತದೆ, ತಳದಲ್ಲಿ ಬ್ಯೂಟೇನ್ ಉಳಿಯುತ್ತದೆ. ಎರಡು ಸಿಲಿಂಡರುಗಳನ್ನು ಜೋಡಿಸಿ ಭಾರ ಹಂಚು. ಬಿಸಿನೀರು, ಬೆಂಕಿ ಅಂತ ಸಿಲಿಂಡರಿನ ಹತ್ತಿರ ಒಯ್ದೀಯೆ, ಹುಷಾರ್.

ಸೀಮೆಎಣ್ಣೆ ಈಗ ಬೇಡ. ಒತ್ತಡದಿಂದ ಎಣ್ಣೆ ಸಿಂಪಡಿಸುವ ಸಾದಾ ನಾಜಲಿನಲ್ಲಿ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಹರಿವು ಹತ್ತು ಪಟ್ಟಾಗಬೇಕಾದರೆ ಒತ್ತಡ ನೂರು ಪಟ್ಟಾಗಬೇಕು. ಕಡಿಮೆ ವೇಗಕ್ಕೆ ಸರಿಹೊಂದಿಸಿದ ನಾಜಲ್ ಮೇಲೆ ಸಾಕಾಗದು, ಮೇಲಕ್ಕೆ ಹೊಂದಿಸಿದ್ದು ಕೆಳಗೆ ಸಿಂಪಡಿಸದೆ ತೊಟ್ಟಿಕ್ಕುತ್ತದೆ. ಅದಕ್ಕಾಗಿಯೇ ಒಂದರೊಳಗೆ ಒಂದು ಎರಡು ರಂಧ್ರಗಳ ನಾಜಲ್, ಗಾಳಿಯ ರಭಸದಿಂದಲೇ ಎಣ್ಣೆಯನ್ನು ಹನಿಯಾಗಿ ಒಡೆಯುವ ನಾಜಲ್ ಎಲ್ಲ ಬಂದವು. ಹರಿಹರದ ವರ್ಕ್‌ಶಾಪಿನಲ್ಲಿ ಅದನ್ನು ಕೊರೆಸಲು ಕುಳಿತರೆ ನಿನ್ನ ವರ್ಷ ಮುಗಿಯುತ್ತದೆ.

ಟರ್ಬೊ_ರಿಪೇರಿ, ದಾವಣಗೆರೆ

ಹಿರಿಯರು ಹೇಳಿದ್ದೆಲ್ಲ ಸರಿ. ನಾನು ಲಾರಿ ಟರ್ಬೊ ಬಿಚ್ಚಿ ಜೋಡಿಸುವವನು, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಡೀಸೆಲ್ ಲಾರಿಯ ಟರ್ಬೊಗೆ ಟರ್ಬೈನಿನ ಮುಂದೆ, ಅನಿಲ ಒಳಹೋಗುವ ಕಡೆ, 700–750 ಡಿಗ್ರಿ ಎಂದರೆ ಅದೇ ಮಿತಿ. ನೀವು ಅಳೆಯುತ್ತಿರುವುದು ಹಿಂದೆ. ಹಿಂದೆ 800 ಇದ್ದರೆ ಮುಂದೆ ಅದಕ್ಕಿಂತ ಹೆಚ್ಚು. ಆ ಚಕ್ರ ಈಗಾಗಲೇ ಏನು ಅನುಭವಿಸಿದೆಯೋ ನೋಡಬೇಕು. ಬಿಚ್ಚಿ, ರೆಕ್ಕೆಯ ತುದಿ ಕವಚಕ್ಕೆ ಉಜ್ಜಿದೆಯೇ ಎಂದು ನೋಡದೆ ಮತ್ತೆ ಓಡಿಸಬೇಡಿ.

ನಿಲ್ಲಿಸಿದ ಮೇಲೂ ಎಣ್ಣೆ ಪಂಪ್ ಓಡುತ್ತಿರಲಿ, ಬ್ಲೋವರಿನಿಂದ ಗಾಳಿಯೂ ಹೋಗುತ್ತಿರಲಿ. ಬಿಸಿ ಶಾಫ್ಟಿನಲ್ಲಿ ನಿಂತ ಎಣ್ಣೆ ಇದ್ದಿಲಾಗಿ ಬೇರಿಂಗ್ ಹಿಡಿಯುತ್ತದೆ. ಓಡುವಾಗ ಚಕ್ರದ ಅಡ್ಡಸಾಲಿನಲ್ಲಿ ಯಾರೂ ನಿಲ್ಲಬಾರದು, ದಪ್ಪ ಉಕ್ಕಿನ ತಗಡು ಅಡ್ಡ ಇರಲಿ. ಚಕ್ರ ಒಡೆದರೆ ಅದು ಬಿಡಿಬಿಡಿಯಾಗಿ ಹಾರುವುದು ಆ ಸಾಲಿನಲ್ಲೇ.

ಕೋಟೆಯೂರಿನವಳು, ಚಿತ್ರದುರ್ಗ, ಈಗ ಬೆಂಗಳೂರು

ದಹನದ ಬಗ್ಗೆಯೇ ಸಂಶೋಧನೆ ಮಾಡುತ್ತಿರುವವಳು. ಆ ಗುರುಗುಟ್ಟುವ ಸದ್ದಿನ ಬಗ್ಗೆ ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಅದು ಕಂಪ್ರೆಸರಿನ ಸರ್ಜ್ ಅಲ್ಲ ಎಂದು ಖಚಿತಪಡಿಸಿಕೊಳ್ಳಿ. ಸರ್ಜ್ ಆದರೆ ‘ಧಬ್ ಧಬ್’ ಎಂದು ಬಿಡಿ ಹೊಡೆತ ಕೇಳುತ್ತದೆ, ಕಂಪ್ರೆಸರಿನ ಒತ್ತಡದ ಮುಳ್ಳು ಕುಣಿಯುತ್ತದೆ. ಒಂದೇ ಶ್ರುತಿಯ ನಿರಂತರ ದನಿ ಎಂದರೆ ಬೆಂಕಿ ಮತ್ತು ಶಬ್ದ ಕೈಜೋಡಿಸಿವೆ. ಇದರ ಮೂಲ ನಿಯಮವನ್ನು ಲಾರ್ಡ್ ರೇಲಿ 1878ರಲ್ಲೇ ಹೇಳಿದ್ದರು: ಒತ್ತಡ ಏರಿದ ಕ್ಷಣದಲ್ಲೇ ಹೆಚ್ಚು ಶಾಖ ಬಿಡುಗಡೆಯಾದರೆ ಕಂಪನ ಬೆಳೆಯುತ್ತದೆ; ಒತ್ತಡ ಇಳಿದಾಗ ಶಾಖ ಹೆಚ್ಚಿದರೆ ಕಂಪನ ಸಾಯುತ್ತದೆ.

ನಿಮ್ಮ ಕೊಠಡಿಗೆ ಇದನ್ನು ಹೊಂದಿಸಿ ನೋಡೋಣ. ಒಳಗಿನ ಒತ್ತಡ ಓಲಾಡಿದರೆ ಇಂಧನ ರಂಧ್ರದಿಂದ ಬರುವ ಹರಿವೂ ಓಲಾಡುತ್ತದೆ. ಹಾಗೆ ಹುಟ್ಟಿದ ದಟ್ಟ ಮಿಶ್ರಣದ ಒಂದು ಮುದ್ದೆ ಜ್ವಾಲೆಯವರೆಗೆ ಸಾಗಲು ಸಮಯ ಬೇಕು. ರಂಧ್ರದಿಂದ ಜ್ವಾಲೆಗೆ 10 ಸೆಂಟಿಮೀಟರ್, ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್ ಎಂದುಕೊಂಡರೆ 5 ಮಿಲಿಸೆಕೆಂಡು. ಕೊಠಡಿಯ ಶ್ರುತಿ 100 ಹರ್ಟ್ಜ್ ಆಗಿದ್ದರೆ ಒಂದು ಆವರ್ತ 10 ಮಿಲಿಸೆಕೆಂಡು, ಮುದ್ದೆ ಅರ್ಧ ಆವರ್ತ ತಡವಾಗಿ ತಲುಪುತ್ತದೆ. ಒತ್ತಡ ತಗ್ಗಿದಾಗ ಒಳಬಂದ ಹೆಚ್ಚಿನ ಇಂಧನ ಒತ್ತಡ ಏರಿದಾಗ ಸುಡುತ್ತದೆ. ಬೇಡವೆಂದರೂ ತಾಳ ಕೂಡುತ್ತದೆ. ವೇಗ ಬದಲಾದರೆ ಈ ವಿಳಂಬವೂ ಬದಲಾಗುತ್ತದೆ, ಆದ್ದರಿಂದಲೇ ನಿಮ್ಮ ಸದ್ದು ಒಂದು ವೇಗದಲ್ಲಿ ಮಾತ್ರ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಆವರ್ತನ ನೋಡಿಕೊಳ್ಳಿ. ಆಮೇಲೆ ಇಂಧನ ಕೊಳವೆಯ ರಂಧ್ರಗಳನ್ನು ಒಂದೇ ಸಾಲಿನಲ್ಲಿ ಇಡದೆ ಉದ್ದಕ್ಕೆ ಎರಡು ಕಡೆ ಹಂಚಿ. ವಿಳಂಬ ಎರಡಾದರೆ ತಾಳ ತಪ್ಪುತ್ತದೆ. ರಂಧ್ರದಲ್ಲಿ ಒತ್ತಡದ ಇಳಿತ ಹೆಚ್ಚಿದ್ದಷ್ಟೂ ಒಳಗಿನ ಓಲಾಟ ಹರಿವನ್ನು ಕಡಿಮೆ ಅಲುಗಿಸುತ್ತದೆ. ಹಿರಿಯರು ವಾಲ್ವಿನ ಬಗ್ಗೆ ಹೇಳಿದ ಲೆಕ್ಕ ಕೊನೆಯ ರಂಧ್ರಕ್ಕೂ ಸಲ್ಲುತ್ತದೆ.

ಇದೇ ಕಾರಣಕ್ಕೆ ಪಲ್ಸ್ ಇಂಜೆಕ್ಟರ್ ನನಗೆ ಇಷ್ಟವಿಲ್ಲ. ಅದು ಇಂಧನವನ್ನು ಮುದ್ದೆ ಮುದ್ದೆಯಾಗಿಯೇ ಕೊಡುತ್ತದೆ, ನೀವೇ ಕಂಪನಕ್ಕೆ ತಾಳ ಹಾಕಿದಂತೆ. ಪಿಸ್ಟನ್ ಎಂಜಿನಿಗೆ ಪ್ರತಿ ಹೊಡೆತಕ್ಕೂ ಒಂದು ತುತ್ತು ಬೇಕು, ಟರ್ಬೈನಿಗೆ ಬೇಕಾದದ್ದು ಕಡಿಯದ ಹರಿವು. ಸ್ಟೆಪರ್ ಮೋಟರ್ (ಹಂತ ಹಂತವಾಗಿ ತಿರುಗುವ ಮೋಟರ್) ಜೋಡಿಸಿದ ಸೂಜಿ ವಾಲ್ವೇ ಸಾಕು.

ವೇಗದ ವಾಲ್ವಿನಿಂದ ಕಂಪನವನ್ನು ಕೊಲ್ಲುವುದೂ ಉಂಟು. 1990ರ ದಶಕದಲ್ಲಿ ಸೀಮೆನ್ಸ್ ತನ್ನ ವಿ94.3ಎ ಎಂಬ ದೊಡ್ಡ ಟರ್ಬೈನಿನಲ್ಲಿ ಪೈಲಟ್ ಇಂಧನವನ್ನು (ಜ್ವಾಲೆ ಆರದಂತೆ ಹಿಡಿದಿಡುವ ಸಣ್ಣ ಪಾಲು) ಕಂಪನಕ್ಕೆ ವಿರುದ್ಧ ಕಾಲದಲ್ಲಿ ಏರಿಳಿಸಿ ಸದ್ದು ಅಡಗಿಸಿ ತೋರಿಸಿತ್ತು. ಆದರೆ ಅಲ್ಲಿ ಕಂಪನವನ್ನು ಅಳೆಯುವ ಸೆನ್ಸರ್, ಅಷ್ಟೇ ಚುರುಕಾದ ವಾಲ್ವ್ ಎರಡೂ ಇದ್ದವು. ಕಾರಿನ ಇಂಜೆಕ್ಟರನ್ನು ಕುರುಡಾಗಿ ಬಡಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಂಧನವನ್ನು ಎಲ್ಲಿ ಬಿಡುತ್ತೀರಿ ಎಂಬುದೂ ಪ್ರಮಾಣದಷ್ಟೇ ಮುಖ್ಯ. ನಿಮ್ಮ ಯಂತ್ರದಲ್ಲಿ ಒಟ್ಟಾರೆ 60–70 ಭಾಗ ಗಾಳಿಗೆ ಒಂದು ಭಾಗ ಇಂಧನ ಇರುತ್ತದೆ. ಗಾತ್ರದ ಲೆಕ್ಕದಲ್ಲಿ ಅದು ಸುಮಾರು ಶೇ 1. ಎಲ್‌ಪಿಜಿ ಹೊತ್ತಿಕೊಳ್ಳಲು ಶೇ 2ರಷ್ಟಾದರೂ ಬೇಕು. ಎಲ್ಲ ಗಾಳಿಯ ಜೊತೆ ಬೆರೆಸಿದರೆ ಬೆಂಕಿಯೇ ಹತ್ತದು. ಅದಕ್ಕೇ ಕಾಲು ಭಾಗದಷ್ಟು ಗಾಳಿಯನ್ನು ಮಾತ್ರ ಮುಂದಿನ ಭಾಗಕ್ಕೆ ಬಿಟ್ಟು, ಅಲ್ಲಿ ಸುಟ್ಟು, ಉಳಿದ ಗಾಳಿಯಿಂದ ತಣಿಸುವುದು. ಹಿಂಬದಿಯಿಂದ ಹಳದಿ ಜ್ವಾಲೆ ಹೊರಗೆ ಕಾಣುತ್ತಿದ್ದರೆ ಮುಂದಿನ ಸಾಲಿನ ರಂಧ್ರಗಳು ಸಾಲುತ್ತಿಲ್ಲ. ಅದನ್ನು ಯಾವ ಪ್ರೋಗ್ರಾಮೂ ಸರಿಪಡಿಸದು.

ದೊಡ್ಡ ಯಂತ್ರಗಳು ಈ ಹಳೆಯ ಬಗೆಯನ್ನು ಬಿಟ್ಟಿದ್ದು ನೈಟ್ರೋಜನ್ ಆಕ್ಸೈಡುಗಳ ಕಾಟಕ್ಕೆ. ಜ್ವಾಲೆಯ ತಾಪ ಸುಮಾರು 1800 ಕೆಲ್ವಿನ್ ದಾಟಿದರೆ ಗಾಳಿಯಲ್ಲಿರುವ ನೈಟ್ರೋಜನ್ನೇ ಸುಡತೊಡಗುತ್ತದೆ, ಅಲ್ಲಿಂದ ಮುಂದೆ ಏರಿಕೆ ಬಹಳ ಕಡಿದು. ಮೊದಲೇ ತೆಳುವಾಗಿ ಬೆರೆಸಿ ಸುಟ್ಟರೆ 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಭಾಗ), ಕೆಲವು ಯಂತ್ರಗಳಲ್ಲಿ 9 ಪಿಪಿಎಂವರೆಗೂ ಇಳಿಸಬಹುದು. ಆದರೆ ಬೆರಕೆ ಸಮನಾಗಿರಬೇಕು: ಸರಾಸರಿ ತೆಳುವಾಗಿದ್ದು ನಡುನಡುವೆ ದಟ್ಟ ತೇಪೆಗಳಿದ್ದರೆ ಆ ತೇಪೆಗಳೇ ಲೆಕ್ಕ ಕೆಡಿಸುತ್ತವೆ. ಹೀಗೆ ತೆಳುವಾಗಿಸಿದ ಜ್ವಾಲೆಯೇ ಬೇಗ ಆರುವುದು, ಬೇಗ ಗುರುಗುಟ್ಟುವುದು. ಅದಕ್ಕೇ ಇಂಧನವನ್ನು ಹಲವು ದಾರಿಗಳಲ್ಲಿ ಹಂಚಿ, ಲೋಡಿಗೆ ತಕ್ಕಂತೆ ಪಾಲು ಬದಲಿಸುತ್ತಾರೆ.

ಮಾರ್ಗದರ್ಶಕರಿಗೆ ದಹನ ದಕ್ಷತೆ ಬೇಕೇ ಬೇಕು ಎಂದರೆ ವಾಹನಗಳ ಹೊಗೆ ತಪಾಸಣಾ ಕೇಂದ್ರದವರ ಪೆಟ್ರೋಲ್ ಅನಲೈಸರ್ ಸಿಗುತ್ತದೆಯೇ ಕೇಳಿ. ಕಾರ್ಬನ್ ಮಾನಾಕ್ಸೈಡ್, ಸುಡದ ಹೈಡ್ರೋಕಾರ್ಬನ್, ಕಾರ್ಬನ್ ಡೈ ಆಕ್ಸೈಡ್ ಮೂರನ್ನೂ ತೋರಿಸುತ್ತದೆ. ಬಿಡಿ ಅಂಕಿಗಳನ್ನು ನಂಬಬೇಡಿ, ನಿಮ್ಮ ಹೊಗೆಯಲ್ಲಿ ಗಾಳಿ ವಿಪರೀತ. ಮಾನಾಕ್ಸೈಡಿಗೂ ಡೈ ಆಕ್ಸೈಡಿಗೂ ಇರುವ ಅನುಪಾತ ನೋಡಿ.

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಇಲ್ಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಗಾಳಿ ಇದ್ದಕ್ಕಿದ್ದಂತೆ ಬಿದ್ದಾಗ ಯಲಹಂಕದ 370 ಮೆಗಾವಾಟ್ ಸ್ಥಾವರದಂಥ ಅನಿಲ ಘಟಕಗಳು ಬೇಗ ಕೈಹಿಡಿಯುತ್ತವೆ ಎನ್ನುತ್ತಾರೆ. ದಾಭೋಲ್–ಬೆಂಗಳೂರು ಅನಿಲ ಕೊಳವೆ ನಮ್ಮ ಜಿಲ್ಲೆಗಳ ಮೂಲಕವೇ ಹಾದುಹೋಗಿದೆ. ಆದರೆ ಅರ್ಧ ಲೋಡಿನಲ್ಲಿ ಕಾದು ನಿಂತರೆ ಅವು ಅನಿಲವನ್ನು ಸುಮ್ಮನೆ ಕುಡಿಯುವುದಿಲ್ಲವೇ?

ಹಳೆಯ_ವಾಲ್ವ್, ದಾವಣಗೆರೆ

ಕುಡಿಯುತ್ತವೆ. ಲೋಡ್ ಇಳಿದಂತೆ ಪ್ರತಿ ಯೂನಿಟ್ಟಿಗೆ ಸುಡುವ ಅನಿಲ ಹೆಚ್ಚುತ್ತದೆ. ಜನರೇಟರಿಗೆ ಕಟ್ಟಿದ ಒಂದೇ ಶಾಫ್ಟಿನ ಯಂತ್ರ ಗ್ರಿಡ್ಡಿನ ವೇಗದಲ್ಲೇ ಸುತ್ತಬೇಕು, ಗಾಳಿಯನ್ನು ತಾನಾಗಿ ಕಡಿಮೆ ಮಾಡಿಕೊಳ್ಳಲಾರದು. ಹಾಗಾಗಿ ಕಂಪ್ರೆಸರಿನ ಬಾಯಲ್ಲಿರುವ ರೆಕ್ಕೆಗಳನ್ನು ಓರೆ ಮಾಡಿ ಗಾಳಿ ಕಡಿತ ಮಾಡುತ್ತಾರೆ. ಇಂಧನದ ಜೊತೆ ಗಾಳಿಯೂ ಇಳಿದರೆ ಜ್ವಾಲೆಯ ತಾಪ ಉಳಿಯುತ್ತದೆ, ನಿಷ್ಕಾಸವೂ (ಹೊರಹೋಗುವ ಅನಿಲ) ಬಿಸಿಯಾಗಿದ್ದು, ಅದರಿಂದ ಉಗಿ ಮಾಡುವ ಹಿಂದಿನ ಬಾಯ್ಲರಿಗೆ ಉಪಯೋಗ. ರೆಕ್ಕೆಗಳನ್ನು ಮುಚ್ಚಲು ಒಂದು ಮಿತಿಯಿದೆ. ಅದರ ಕೆಳಗೆ ತೆಳು ಜ್ವಾಲೆ ನಿಲ್ಲುವುದಿಲ್ಲ; ಪೈಲಟ್ಟಿನ ಪಾಲು ಹೆಚ್ಚಿಸಬೇಕು, ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಅದರ ಹಿಂದೆಯೇ ಕಾರ್ಬನ್ ಮಾನಾಕ್ಸೈಡ್. ನಿಮ್ಮ ಗಾಳಿ ಬಿದ್ದ ಸಂಜೆಗಳಲ್ಲಿ ಕಂಟ್ರೋಲ್ ರೂಮಿನವರು ಸಿಡುಕುವುದು ಈ ಗಡಿಯಲ್ಲಿ ಹಿಂದೆಮುಂದೆ ಓಡಾಡಿಸುವಾಗ.

ಚಿತ್ರದುರ್ಗದ ತಂಗಿ ತೇಪೆಗಳ ಮಾತು ಎತ್ತಿದ್ದರಿಂದ ಒಂದು ಸಂಗತಿ ನೆನಪಾಯಿತು. ನಮ್ಮ ಯಂತ್ರದಲ್ಲಿ ದಹನದ ಡಬ್ಬಿಗಳು ಶಾಫ್ಟಿನ ಸುತ್ತ ಬಳೆಯಾಕಾರದಲ್ಲಿದ್ದವು, ಹಿಂದೆ ನಿಷ್ಕಾಸದಲ್ಲಿ ಥರ್ಮೋಕಪಲ್‌ಗಳ ಇನ್ನೊಂದು ಬಳೆ. ಒಂದು ಡಬ್ಬಿಯ ನಾಜಲಿನಲ್ಲಿ ಕೊಳವೆಯ ತುಕ್ಕಿನ ಪುಡಿ ಕಟ್ಟಿಕೊಂಡರೆ ಆ ಡಬ್ಬಿ ತಣ್ಣಗಾಗುತ್ತಿತ್ತು, ಅದರ ಪಾಲಿನ ಅನಿಲ ಉಳಿದವಕ್ಕೆ ಹೋಗಿ ಅವು ಹೆಚ್ಚು ಕಾಯುತ್ತಿದ್ದವು. ಸರಾಸರಿ ಮಾತ್ರ ಏನೂ ಆಗದಂತೆ ಇರುತ್ತಿತ್ತು! ಹೊಸದಾಗಿ ಬಂದ ಹುಡುಗರು ತಣ್ಣಗಿರುವ ಥರ್ಮೋಕಪಲ್ಲಿನ ನೇರ ಮುಂದಿರುವ ಡಬ್ಬಿಯನ್ನು ಬಿಚ್ಚಲು ಸ್ಪ್ಯಾನರ್ ಹಿಡಿದು ಹೊರಡುತ್ತಿದ್ದರು. ಅನಿಲ ಟರ್ಬೈನಿನಲ್ಲಿ ಸುತ್ತುತ್ತ ಬರುವುದರಿಂದ ತಣ್ಣನೆಯ ಜಾಗ ಪಕ್ಕಕ್ಕೆ ಸರಿದಿರುತ್ತದೆ, ಎಷ್ಟು ಸರಿದಿದೆ ಎಂಬುದು ಲೋಡಿನ ಜೊತೆ ಬದಲಾಗುತ್ತದೆ. ಲೋಡ್ ಏರಿಳಿಸಿ, ಆ ಜಾಗ ಎತ್ತ ಜರುಗುತ್ತದೆ ಎಂದು ನೋಡಿ, ಹಿಂದಕ್ಕೆ ಎಣಿಸಿ ಡಬ್ಬಿ ಹಿಡಿಯಬೇಕು. ತಮ್ಮಾ, ನಿನ್ನದು ಒಂದೇ ಡಬ್ಬಿ, ಒಂದೇ ಥರ್ಮೋಕಪಲ್. ಅದನ್ನು ಒಂದೇ ಕಡೆ ಬೆಸುಗೆ ಹಾಕಿಬಿಡಬೇಡ. ನಿಷ್ಕಾಸದ ಅಡ್ಡಗಲಕ್ಕೆ ಜರುಗಿಸಿ ಅಳೆ. 600 ಎಂದು ನೀನು ನಂಬಿದ್ದು ತಣ್ಣನೆಯ ಮೂಲೆಯ ಲೆಕ್ಕವಾಗಿರಬಹುದು.

ಪಿಬಿರಸ್ತೆ_ಹುಡುಗ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಟರ್ಬೊ ಬಿಚ್ಚಿದೆವು, ರೆಕ್ಕೆಯ ತುದಿಗಳು ಉಜ್ಜಿಲ್ಲ, ಬಣ್ಣ ಮಾತ್ರ ನೀಲಿಗೆ ತಿರುಗಿದೆ. ಸದ್ದಿನ ಆವರ್ತನ 140 ಹರ್ಟ್ಜ್ ಆಸುಪಾಸು, ಒತ್ತಡದ ಮುಳ್ಳು ಕುಣಿಯುವುದಿಲ್ಲ. ಇಂಜೆಕ್ಟರ್ ಕೈಬಿಟ್ಟಿದ್ದೇವೆ, ಸೂಜಿ ವಾಲ್ವಿಗೆ ಸ್ಟೆಪರ್ ಮೋಟರ್ ಕೂರಿಸುತ್ತೇವೆ.

ಹಿರಿಯರೇ, ಎರಡು ಸಂದೇಹ. ಒತ್ತಡದ ಸೆನ್ಸರಿಗೆ ಕೊಳವೆಯನ್ನು ಎಲ್ಲಿಂದ ತೆಗೆಯಬೇಕು? ಅನುಪಾತದ ಕೆಳಗಿನ ಗಡಿಯನ್ನು ಹೇಗೆ ಗೊತ್ತುಪಡಿಸಬೇಕು? ಕರೆಂಟ್ ಹೋದರೆ ವಾಲ್ವ್ ಇದ್ದಲ್ಲೇ ನಿಂತುಬಿಡುತ್ತದೆ ಎಂಬ ಹೆದರಿಕೆಯೂ ಇದೆ.

ಹಳೆಯ_ವಾಲ್ವ್, ದಾವಣಗೆರೆ

ಮೂರನೆಯದನ್ನು ಮೊದಲು ಕೇಳಬೇಕಿತ್ತು. ಸೂಜಿ ವಾಲ್ವಿನ ಮುಂಚೆ ಕರೆಂಟ್ ಇಲ್ಲದಾಗ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಹಾಕು. ಎಣ್ಣೆಯ ಒತ್ತಡ ಬಿದ್ದರೂ, ವೇಗ ಮಿತಿ ಮೀರಿದರೂ, ಬೆಂಕಿ ಆರಿದರೂ ಅದು ಮುಚ್ಚಬೇಕು. ಆರಿದ ಮೇಲೂ ಅನಿಲ ಹೋಗುತ್ತಿದ್ದರೆ ಬಿಸಿ ಕೊಳವೆಯಲ್ಲಿ ತುಂಬಿಕೊಂಡು ಒಮ್ಮೆಲೇ ಸಿಡಿಯುತ್ತದೆ. ಮತ್ತೆ ಹೊತ್ತಿಸುವ ಮುಂಚೆ ಇಂಧನವಿಲ್ಲದೆ ಬ್ಲೋವರಿನಿಂದ ಚೆನ್ನಾಗಿ ಗಾಳಿ ಹಾಯಿಸು; ದೊಡ್ಡ ಯಂತ್ರಗಳಲ್ಲಿ ಈ ಹಂತ ಮುಗಿಯದೆ ಕಂಟ್ರೋಲರ್ ಕಿಡಿ ಹಚ್ಚಲು ಬಿಡುವುದೇ ಇಲ್ಲ. ಪಂಪ್ ಮತ್ತು ಬ್ಲೋವರ್ ಬ್ಯಾಟರಿಯ ಮೇಲೆ ಓಡುವಂತಿರಲಿ, ನಮ್ಮೂರಿನ ಕರೆಂಟು ನಿನಗೆ ಗೊತ್ತೇ ಇದೆ.

ಒತ್ತಡದ ಕೊಳವೆಯನ್ನು ಹೊರ ಡಬ್ಬಿಯ ಗೋಡೆಯಿಂದ ತೆಗೆ, ಕಂಪ್ರೆಸರಿನ ಗಾಳಿ ನೇರವಾಗಿ ಬಡಿಯದ ಜಾಗದಲ್ಲಿ. ರಂಧ್ರದ ಒಳಅಂಚಿನಲ್ಲಿ ಚೂರು ಉಳಿಯದಂತೆ ಉಜ್ಜು. ಕೊಳವೆ ಗಿಡ್ಡವಿರಲಿ, ಸೆನ್ಸರ್ ಬಿಸಿಯಿಂದ ದೂರವೂ ಇರಲಿ. ಎರಡಕ್ಕೂ ಒಪ್ಪುವ ಉದ್ದ ಹುಡುಕಿಕೋ. ಸೆನ್ಸರಿನ ಕಡೆ ಏರು ಇದ್ದರೆ ನೀರು ನಿಲ್ಲುವುದಿಲ್ಲ.

ಕೆಳಗಿನ ಗಡಿಗೆ ಪುಸ್ತಕ ಬೇಡ. ಮುಂಜಾನೆ ಯಂತ್ರ ತಣ್ಣಗಿರುವಾಗ ಹೊತ್ತಿಸಿ, ಒಂದು ವೇಗದಲ್ಲಿ ನಿಲ್ಲಿಸಿ, ಇಂಧನವನ್ನು ಒಮ್ಮೆಲೇ ಸ್ವಲ್ಪ ಇಳಿಸು; ಆರದಿದ್ದರೆ ಅದೇ ವೇಗಕ್ಕೆ ಮರಳಿ ಇನ್ನೂ ಸ್ವಲ್ಪ ಹೆಚ್ಚು ಇಳಿಸು. ನಿಧಾನವಾಗಿ ಇಳಿಸಿದರೆ ಶಾಫ್ಟೂ ಜೊತೆಗೇ ಇಳಿಯುತ್ತದೆ, ಗಡಿ ಸಿಗುವುದಿಲ್ಲ. ಆರಿದ ಕ್ಷಣದ ಹರಿವು ಮತ್ತು ಒತ್ತಡವನ್ನು ಬರೆದಿಟ್ಟುಕೋ. ಬೇರೆ ಬೇರೆ ವೇಗಗಳಲ್ಲಿ ಹೀಗೆ ಮಾಡಿದರೆ ಒಂದು ಗೆರೆ ಸಿಗುತ್ತದೆ. ನಿನ್ನ ಗಡಿಯನ್ನು ಅದಕ್ಕಿಂತ ಕಾಲು ಭಾಗ ಮೇಲಿಡು. ಮಾರ್ಗದರ್ಶಕರ ಮುಂದೆ ಶೇಕಡಾವಾರು ಇಡುವ ಬದಲು ಆ ಗೆರೆಯನ್ನೇ ಇಡು, ಮೇಲಿನ ಗಡಿಯ ಗೆರೆಯನ್ನೂ ಅದೇ ಹಾಳೆಯಲ್ಲಿ ಎಳೆದು. ನಡುವೆ ಎಷ್ಟು ಜಾಗ ಉಳಿದಿದೆ ಎಂದು ಅವರೇ ಕೇಳುತ್ತಾರೆ. ರಂಧ್ರಗಳನ್ನು ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಅಳೆದಿಟ್ಟುಕೊಂಡಿದ್ದರೆ ನಿನ್ನ ವರದಿಗೆ ಬೇಕಾದದ್ದೆಲ್ಲ ಅಲ್ಲೇ ಇರುತ್ತದೆ.